20 ಮೀಟರ್ ಆಂಟೆನಾವನ್ನು 40 ಮೀಟರ್‌ಗೆ ಹೊಂದಿಸುವುದು ಹೇಗೆ? ಪಕ್ಕಡ್ ಹಿಡಿಯುವ ಮುನ್ನ ಇದನ್ನು ಓದಿ

ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಪಡೆದವರು ಮಾಳಿಗೆಯ ಟವರ್ ಮೇಲೆ ಮೊದಲು ಕಟ್ಟುವುದು 20 ಮೀಟರ್ ಬ್ಯಾಂಡಿನ (20 ಎಂಬುದು ಅಲೆಯ ಉದ್ದ, ತಂತಿಯದಲ್ಲ) ಇನ್ವರ್ಟೆಡ್ ವಿ, ಅಂದರೆ ನಡುಭಾಗ ಮೇಲಿದ್ದು ಎರಡು ತಂತಿ ಕಾಲುಗಳು ಎರಡು ಕಡೆ ಇಳಿದಿರುವ ಆಂಟೆನಾ. ತಂತಿ ಚಿಕ್ಕದು, ಜಾಗ ಕಡಿಮೆ ಸಾಕು. ಆದರೆ ಗದಗಿನಿಂದ ಯುರೋಪ್ ಸಿಕ್ಕರೂ ಬೆಂಗಳೂರು ಸಿಗುವುದಿಲ್ಲ. 14 ಮೆಗಾಹರ್ಟ್ಸ್ ಅಲೆ ಸಾಮಾನ್ಯವಾಗಿ ಹತ್ತಿರದವರ ತಲೆಯ ಮೇಲಿಂದ ಹಾರಿ ದೂರದಲ್ಲಿ ಇಳಿಯುತ್ತದೆ. ನಮ್ಮ ರಾಜ್ಯದವರ ಜೊತೆ ಹಗಲಲ್ಲಿ ಮಾತಾಡಬೇಕೆಂದರೆ 40 ಮೀಟರ್ ಬ್ಯಾಂಡೇ ಬೇಕು. ನಮ್ಮಲ್ಲಿ ಅದು 7.000ರಿಂದ 7.200 ಮೆಗಾಹರ್ಟ್ಸ್.

ಹಳೆಯ ಆಂಟೆನಾ ಬಿಚ್ಚಿ ಎಸೆಯಬೇಡಿ. ಅದಕ್ಕೇ ತಂತಿ ಸೇರಿಸಿ ಉದ್ದ ಮಾಡಬಹುದು. ಕೇಬಲನ್ನು ಎರಡು ಕಾಲುಗಳಿಗೆ ಜೋಡಿಸುವ 1:1 ಬಾಲನ್ ಇದ್ದರೆ ಅದೂ ಇರಲಿ, ಕೇಬಲ್ಲೂ ಇರಲಿ.

ಲೆಕ್ಕ ಸುಲಭ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಡೈಪೋಲಿನ (ಇಂಥ ಎರಡು ಕಾಲಿನ ಆಂಟೆನಾದ) ಒಟ್ಟು ಉದ್ದ ಮೀಟರಿನಲ್ಲಿ ಬರುತ್ತದೆ. 14.150ಕ್ಕೆ ಸುಮಾರು 10.1 ಮೀಟರ್, 7.100ಕ್ಕೆ ಸುಮಾರು 20.1. ಅಂದರೆ ಒಂದೊಂದು ಕಾಲಿಗೂ 5 ಮೀಟರ್ ಚಿಲ್ಲರೆ ಸೇರಬೇಕು. ನೀವು ಮಾತ್ರ 5 ಮೀಟರ್ 70 ಸೆಂಟಿಮೀಟರ್ ತಗೊಳ್ಳಿ. ಗಂಟು ಹಾಕಲು, ಹೊಂದಿಸಲು ಜಾಸ್ತಿ ಬೇಕಾಗುತ್ತದೆ.

ತಂತಿ ಕೊಳ್ಳುವಾಗ ಚಾಕುವಿನಿಂದ ಕೆರೆದು ನೋಡಿ. ಕೆಂಪು ಲೇಪದ ಕೆಳಗೆ ಬಿಳಿ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ, ಎಳೆತವನ್ನೂ ತಡೆಯುವುದಿಲ್ಲ. ಅಂಗಡಿಯವರು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಅನ್ನಿ.

ಇನ್ನು ಜೋಡಣೆ. ಹಳೆ ತಂತಿಯ ತುದಿಗೆ ಹೊಸದನ್ನು ಸುತ್ತಿ ಬೆಸುಗೆ ಹಾಕಿಬಿಟ್ಟರೆ ಆಷಾಢದ ಗಾಳಿಗೆ ಅಲ್ಲೇ ಮುರಿಯುತ್ತದೆ. ಗದಗಿನ ಗಾಳಿ ಎಂಥದು ಅಂತ ಕಪ್ಪತಗುಡ್ಡದ ಕಡೆ ತಿರುಗುವ ಗಾಳಿಯಂತ್ರಗಳನ್ನು ನೋಡಿದವರಿಗೆ ಹೇಳಬೇಕಿಲ್ಲ. ನಡುವೆ ಒಂದು ಇನ್ಸುಲೇಟರ್ ಹಾಕಿ. ಹಳೆ ತಂತಿ ಒಂದು ತೂತಿಗೆ, ಹೊಸದು ಇನ್ನೊಂದಕ್ಕೆ. ಎಳೆತವೆಲ್ಲ ಇನ್ಸುಲೇಟರ್ ಹೊರಲಿ. ವಿದ್ಯುತ್ ಹರಿಯಲು ಎರಡರ ನಡುವೆ ಸಡಿಲವಾಗಿ ಜೋತಾಡುವ ಒಂದು ತುಂಡು ವೈರು, ಅದಕ್ಕೆ ಗಟ್ಟಿ ಕ್ಲಿಪ್. ಕ್ಲಿಪ್ ಸೇರಿಸಿದರೆ 40 ಮೀಟರ್, ಬಿಚ್ಚಿದರೆ ಮೊದಲಿನಂತೆ 20. ನಡುಭಾಗಕ್ಕೆ ರಾಟೆ ಇದ್ದರೆ ಹಗ್ಗ ಸಡಿಲಿಸಿ ಇಳಿಸಬಹುದು, ಪ್ರತಿ ಸಲ ಟವರ್ ಹತ್ತಬೇಕಿಲ್ಲ. ರಾಟೆ ಇಲ್ಲದಿದ್ದರೆ ಈಗಲೇ ಹಾಕಿಸಿ.

ಏರಿಸುವ ಮೊದಲು ಸುತ್ತ ನೋಡಿ. ತಂತಿ ತುಂಡಾಗಿ ಬಿದ್ದರೂ, ಬೀಸಿದರೂ ಕರೆಂಟಿನ ಲೈನಿಗೆ ತಾಗಬಾರದು. ಗುಡುಗುವ ಸಂಜೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. 12 ಮೀಟರ್ ಟವರ್ ಇದ್ದು, ತುದಿಗಳು 5 ಮೀಟರ್ ಎತ್ತರದಲ್ಲಿದ್ದರೆ ಎರಡು ಕಾಲುಗಳ ನಡುವೆ ಸುಮಾರು 90 ಡಿಗ್ರಿ ಬರುತ್ತದೆ. ಅದಕ್ಕಿಂತ ಕಿರಿದು ಮಾಡಬೇಡಿ. ತುದಿಯಲ್ಲಿ ವೋಲ್ಟೇಜ್ ಜಾಸ್ತಿ, ಮಕ್ಕಳ ಕೈಗೆ ಎಟುಕುವ ಹಾಗೆ ಇರಬಾರದು.

ಈಗ ಎಲ್ಲರೂ ಕೆಡಿಸುವ ಹಂತ.

ಬೆಟಗೇರಿಯ ಹುಡುಗನೊಬ್ಬ ಒಂದು ಭಾನುವಾರ ಫೋನ್ ಮಾಡಿದ್ದ. "ಸರ, ಕಟ್ ಮಾಡಿದಷ್ಟೂ ಎಸ್‌ಡಬ್ಲ್ಯುಆರ್ ಏರಾಕತ್ತೈತ್ರಿ!" ಎಸ್‌ಡಬ್ಲ್ಯುಆರ್ ಅಂದರೆ ಆಂಟೆನಾದಿಂದ ಎಷ್ಟು ಪವರ್ ವಾಪಸ್ ಬರುತ್ತಿದೆ ಅಂತ ತೋರಿಸುವ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು. ಹೋಗಿ ನೋಡಿದೆ. ಮಾಳಿಗೆ ತುಂಬಾ ಗೇಣುದ್ದದ ತಾಮ್ರದ ತುಂಡುಗಳು. ತಂತಿಯನ್ನು ಸೊಂಟದೆತ್ತರಕ್ಕೆ ಕಟ್ಟಿಕೊಂಡು ಅಳೆದಿದ್ದ. ನೆಲಕ್ಕೆ ಹತ್ತಿರ ಇದ್ದಾಗ ಆಂಟೆನಾ ಉದ್ದ ಇದ್ದಂತೆ ತೋರಿಸುತ್ತದೆ. ಅದನ್ನು ನಂಬಿ ಕತ್ತರಿಸಿ ಮೇಲೇರಿಸಿದಾಗ ಅದರ ಫ್ರೀಕ್ವೆನ್ಸಿ ಬ್ಯಾಂಡ್ ದಾಟಿ ಮೇಲೆ ಹೋಗಿತ್ತು. ಆಮೇಲೂ ಕತ್ತರಿಸುತ್ತಲೇ ಹೋದ. ಒಂದೇ ಫ್ರೀಕ್ವೆನ್ಸಿಯಲ್ಲಿ ಮೀಟರ್ ನೋಡುತ್ತಿದ್ದನಾದ್ದರಿಂದ ತಗ್ಗು, ಅಂದರೆ ಎಸ್‌ಡಬ್ಲ್ಯುಆರ್ ಅತಿ ಕಡಿಮೆ ಇರುವ ಫ್ರೀಕ್ವೆನ್ಸಿ, ಯಾವ ಕಡೆ ಇದೆ ಅಂತ ಗೊತ್ತೇ ಆಗಲಿಲ್ಲ.

ಹಾಗಾಗಿ ಪೂರ್ತಿ ಎತ್ತರಕ್ಕೆ ಏರಿಸಿಯೇ ಅಳೆಯಿರಿ. ನ್ಯಾನೋವಿಎನ್ಎ (ಆಂಟೆನಾ ಅಳೆದು ಗೆರೆಯಾಗಿ ತೋರಿಸುವ ಚಿಕ್ಕ ಉಪಕರಣ) ಇದ್ದರೆ ಮೊದಲು ಕ್ಯಾಲಿಬ್ರೇಟ್ ಮಾಡಿ, 6.5ರಿಂದ 7.5ರವರೆಗೆ ನೋಡಿ. ಗೆರೆ ಎಲ್ಲಿ ತಗ್ಗುತ್ತದೋ ಅದೇ ನಿಮ್ಮ ಆಂಟೆನಾದ ಜಾಗ. ಬರೀ ಎಸ್‌ಡಬ್ಲ್ಯುಆರ್ ಮೀಟರ್ ಇದ್ದರೆ ಕಡಿಮೆ ಪವರಿನಲ್ಲಿ 7.000 ಮತ್ತು 7.200 ಎರಡರಲ್ಲೂ ನೋಡಿ. 7.000ದಲ್ಲಿ ಕಡಿಮೆ ಇದ್ದರೆ ತಂತಿ ಉದ್ದ ಆಗಿದೆ. 7.200ರಲ್ಲಿ ಕಡಿಮೆ ಇದ್ದರೆ ಗಿಡ್ಡ ಆಗಿದೆ.

ಉದ್ದ ಇದ್ದರೆ ಕತ್ತರಿಸಬೇಡಿ, ಮಡಚಿ. ತುದಿಯನ್ನು ಹಿಂದಕ್ಕೆ ತಿರುಗಿಸಿ ಅದೇ ತಂತಿಗೆ ಬಿಗಿಯಾಗಿ ಸುತ್ತಿ. 100 ಕಿಲೋಹರ್ಟ್ಸ್ ಮೇಲೇರಿಸಲು ಪ್ರತಿ ಕಾಲಿನಲ್ಲಿ ಸುಮಾರು 14 ಸೆಂಟಿಮೀಟರ್. ತಗ್ಗು 6.900ರಲ್ಲಿದ್ದು 7.100ಕ್ಕೆ ಬೇಕಾದರೆ ಎರಡೂ ಕಾಲಿನಲ್ಲಿ 28. ನಾನಂತೂ ಮೊದಲ ಸಲ 20 ಮಾತ್ರ ಮಡಚಿ, ಏರಿಸಿ, ಮತ್ತೆ ಅಳೆಯುತ್ತೇನೆ. ನಾಲ್ಕೈದು ಸಲ ಏರಿಸಿ ಇಳಿಸಬೇಕಾಗುತ್ತದೆ, ಅರ್ಧ ದಿನ ಹೋಗುತ್ತದೆ. ಹೋಗಲಿ. ಎಸ್‌ಡಬ್ಲ್ಯುಆರ್ 1.5ರ ಒಳಗೆ ಬಂದರೆ ಸಾಕು. ಸುಮ್ನೆ 1.0 ಬರಲಿ ಅಂತ ಒದ್ದಾಡಬೇಡಿ.

ಕೇಬಲಿನ ಕನೆಕ್ಟರ್ ಬಿಚ್ಚಿದ್ದರೆ ಮತ್ತೆ ಮುಚ್ಚಿ. ತನಗೆ ತಾನೇ ಅಂಟುವ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ, ಮೇಲೆ ಕರಿ ಪಿವಿಸಿ ಟೇಪ್ ಹಾಕಿ. ಹುಳಿ ವಾಸನೆ ಬರುವ ಸಿಲಿಕಾನ್ ಬಳಸಬೇಡಿ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ.

ಎಂಟು ದಿನ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಗಾಳಿಗೆ ಹೊಸ ತಾಮ್ರ ಸ್ವಲ್ಪ ಹಿಗ್ಗಿ, ತಗ್ಗು ಕೆಳಗೆ ಸರಿದಿರುತ್ತದೆ. ಬೆರಳೆರಡು ಮಡಚಿದರೆ ಸರಿಹೋಗುತ್ತದೆ. ಮಡಿಕೆಯನ್ನು ಆಮೇಲೂ ಕತ್ತರಿಸಬೇಡಿ, ಹಾಗೇ ಟೇಪ್ ಸುತ್ತಿ ಬಿಡಿ.