‘ಸರಿದೂಗಿಸು’ವ ಇಂಗ್ಲಿಷ್ ಪದಗಳು: ನಾನು ಆರಿಸುವ ಬಗೆ

ಮಂಡ್ಯ ಸೀಮೆಯ ಕೃಷಿ ಕರಪತ್ರ, ಸಹಕಾರ ಸಂಘದ ವರದಿ, ಯಂತ್ರದ ಕೈಪಿಡಿಗಳನ್ನು ಇಂಗ್ಲಿಷಿಗೆ ಮಾಡುವಾಗ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವ ಮಾತು ‘ಸರಿದೂಗಿಸು’. ನಿಘಂಟು ತೆಗೆದರೆ ಕೌಂಟರ್‌ಬ್ಯಾಲೆನ್ಸ್, ಆಫ್‌ಸೆಟ್, ಕೌಂಟರ್‌ಆಕ್ಟ್, ನ್ಯೂಟ್ರಲೈಸ್, ಕಾಂಪೆನ್ಸೇಟ್ ಎಲ್ಲವೂ ಸಾಲಾಗಿ ಇರುತ್ತವೆ. ಯಾವುದು ಎಲ್ಲಿಗೆ ಎಂಬುದು ಮಾತ್ರ ಇರುವುದಿಲ್ಲ. ಹಾಗಾಗಿ ಪದಕ್ಕೆ ಕೈಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಎದುರುಬದುರಾದ ಎರಡರಲ್ಲಿ ಕೊನೆಗೆ ಏನು ಉಳಿಯಿತು?

ಎರಡೂ ಹಾಗೇ ಉಳಿದು, ಒಂದನ್ನೊಂದು ಹಿಡಿದು ನಿಂತಿದ್ದರೆ ಕೌಂಟರ್‌ಬ್ಯಾಲೆನ್ಸ್. ಹಳೆಯ ಏತದ ಹಿಂತುದಿಗೆ ಕಟ್ಟಿದ ಕಲ್ಲು ಇದಕ್ಕೆ ಸರಿಯಾದ ಉದಾಹರಣೆ. ಲಿಫ್ಟಿನಲ್ಲೂ ಅದೇ ಲೆಕ್ಕ. ತಲೆಗೆ 68 ಕೆ.ಜಿ.ಯಂತೆ ಎಂಟು ಜನರ ಲಿಫ್ಟಿಗೆ 544 ಕೆ.ಜಿ. ಹೊರೆ. ಪ್ರತಿಭಾರವನ್ನು ಸಾಮಾನ್ಯವಾಗಿ ಖಾಲಿ ಪೆಟ್ಟಿಗೆಯ ತೂಕಕ್ಕೆ ಹೊರೆಯ ಶೇ. 40ರಿಂದ 50 ಸೇರಿಸಿ ಇಡುತ್ತಾರೆ. ಅರ್ಧ ಎಂದರೆ 272 ಕೆ.ಜಿ. ವಸ್ತುವಿಗೆ ಕೌಂಟರ್‌ವೇಟ್, ಅದು ಮಾಡುವ ಕೆಲಸಕ್ಕೆ ಕೌಂಟರ್‌ಬ್ಯಾಲೆನ್ಸ್ ಎಂದು ಕೈಪಿಡಿಯ ಉದ್ದಕ್ಕೂ ಬೇರೆಬೇರೆಯಾಗಿ ಇಟ್ಟುಕೊಂಡರೆ ಓದುವ ಮೆಕ್ಯಾನಿಕ್‌ಗೆ ಗೊಂದಲವಿಲ್ಲ.

ಲೆಕ್ಕದ ವಿಷಯಕ್ಕೆ ಆಫ್‌ಸೆಟ್. ಒಂದು ಕಡೆ ಏರಿದ್ದನ್ನು ಇನ್ನೊಂದು ಕಡೆಯದು ತಗ್ಗಿಸಬೇಕು, ಎರಡನ್ನೂ ಒಂದೇ ಮಾನದಲ್ಲಿ ಅಳೆಯುವಂತಿರಬೇಕು. ಕಬ್ಬನ್ನೇ ನೋಡಿ. 2024-25ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ (ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ) ಶೇ. 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 340 ರೂ. ಇತ್ತು; ಅದರ ಮೇಲೆ ಪ್ರತಿ ಶೇ. 0.1ಕ್ಕೆ 3.32 ರೂ. ಹೆಚ್ಚು. ಇಳುವರಿ 10.55 ಬಂದಿದ್ದರೆ ಟನ್ನಿಗೆ 99.60 ರೂ. ಹೆಚ್ಚಿಗೆ ಸಿಗುತ್ತಿತ್ತು. ಅದೇ ಸಾಲಿನಲ್ಲಿ ಕಟಾವು ಕೂಲಿ ಟನ್ನಿಗೆ 150 ರೂ. ಏರಿತೆನ್ನಿ, ಆಗ ‘ಪಾರ್ಟ್ಲಿ ಆಫ್‌ಸೆಟ್ ಬೈ’. 100 ಏರಿದ್ದರೆ ‘ಆಲ್ಮೋಸ್ಟ್ ಎಂಟೈರ್ಲಿ ಆಫ್‌ಸೆಟ್ ಬೈ’. ಈ ಪಾರ್ಟ್ಲಿ, ಎಂಟೈರ್ಲಿಗಳನ್ನು ನಾನು ಎಂದೂ ಬಿಡುವುದಿಲ್ಲ. ಬಿಟ್ಟರೆ ನಷ್ಟವೇ ಆಗಲಿಲ್ಲವೆಂದು ಓದಿಕೊಳ್ಳುತ್ತಾರೆ, ಅದು ರೈತನಿಗೆ ಮಾಡುವ ಅನ್ಯಾಯ. ಬಿಲ್ಲಿನಲ್ಲಿ ಸಾಲಕ್ಕೆ ಮುರಿದುಕೊಳ್ಳುವುದು ಮಾತ್ರ ಆಫ್‌ಸೆಟ್ ಅಲ್ಲ, ಡಿಡಕ್ಟ್. ಆದಾಯ ತೆರಿಗೆಯಲ್ಲಿ ನಷ್ಟವನ್ನು ಲಾಭಕ್ಕೆ ವಜಾ ಹಾಕುವುದಕ್ಕೆ ನಮ್ಮ ಕಾನೂನಿನ ಮಾತು ‘ಸೆಟ್ ಆಫ್’. ಅಲ್ಲಿ ಕಾನೂನಿನ ಪದವನ್ನೇ ಇಡಬೇಕು. ಸರ್ವೆಯವರ ಆಫ್‌ಸೆಟ್ ಎಂದರೆ ಸರಪಳಿ ಗೆರೆಯಿಂದ ಪಕ್ಕಕ್ಕೆ ಅಳೆದ ದೂರ, ಲೇತಿನವರದು ನಡುಗೆರೆಯಿಂದ ಸರಿಸಿದ ಅಂತರ. ಅವಕ್ಕೂ ಸರಿದೂಗಿಸುವುದಕ್ಕೂ ಸಂಬಂಧವಿಲ್ಲ.

ಹೆಚ್ಚು ಎಚ್ಚರ ಬೇಕಾದ ಜೋಡಿ ಕೌಂಟರ್‌ಆಕ್ಟ್ ಮತ್ತು ನ್ಯೂಟ್ರಲೈಸ್. ನ್ಯೂಟ್ರಲೈಸ್ ಆದದ್ದು ತನ್ನ ಗುಣವನ್ನೇ ಕಳೆದುಕೊಂಡಿರುತ್ತದೆ: ಹೊಟ್ಟೆಯ ಆಮ್ಲ ಸೋಡಾದೊಡನೆ ಸೇರಿ ಉಪ್ಪು, ನೀರು, ಅನಿಲವಾದಂತೆ. ಕೌಂಟರ್‌ಆಕ್ಟ್‌ನಲ್ಲಿ ಮೂಲವಸ್ತು ಇದ್ದೇ ಇರುತ್ತದೆ, ಅದರ ಪರಿಣಾಮಕ್ಕೆ ಮಾತ್ರ ತಡೆ. ಆರ್ಗನೋಫಾಸ್ಫೇಟ್ ಕೀಟನಾಶಕ ಮೈಗೇರಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ಅಟ್ರೋಪಿನ್ ವಿಷವನ್ನು ಕರಗಿಸುವುದಿಲ್ಲ. ಅತಿಯಾಗಿ ಸೇರಿಕೊಂಡ ಅಸಿಟೈಲ್‌ಕೋಲಿನ್ (ನರದ ಸಂದೇಶ ಒಯ್ಯುವ ರಾಸಾಯನಿಕ) ತನ್ನನ್ನು ಹಿಡಿದುಕೊಳ್ಳುವ ಮಸ್ಕರಿನಿಕ್ ಗ್ರಾಹಕಗಳ ಮೇಲೆ ಕೆಲಸ ಮಾಡದಂತೆ ತಡೆಯುತ್ತದೆ: ಜೊಲ್ಲು, ಉಸಿರುನಾಳದ ಸ್ರಾವ, ಹೃದಯದ ನಿಧಾನ ಬಡಿತ ಹತೋಟಿಗೆ ಬರುತ್ತವೆ. ಕರಪತ್ರದಲ್ಲಿ ‘ನ್ಯೂಟ್ರಲೈಸಸ್ ದಿ ಪಾಯ್ಸನ್’ ಎಂದು ಬರೆದರೆ, ಒಂದು ಸೂಜಿಯಿಂದ ಎಲ್ಲ ಮುಗಿಯಿತು, ಇನ್ನು ಮನೆಗೆ ಕರೆದೊಯ್ಯಬಹುದು ಎಂಬ ಅರ್ಥ ಬರುತ್ತದೆ. ಹೀಗಾಗಿ ‘ಕೌಂಟರ್‌ಆಕ್ಟ್ಸ್ ಸಮ್ ಆಫ್ ದಿ ಎಫೆಕ್ಟ್ಸ್’ ಎಂದೇ ಬರೆಯುತ್ತೇನೆ.

ನಾಲೆ ಬಯಲಿನ ಚೌಳು ಭೂಮಿಗೂ ಇದೇ ಕಷ್ಟ. ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣ ಹಾಕುವುದಕ್ಕೆ ನ್ಯೂಟ್ರಲೈಸ್ ಸರಿ. ಪಿಎಚ್ 8.5 ದಾಟಿದ ಕ್ಷಾರ ಮಣ್ಣಿಗೆ ಹಾಕುವ ಜಿಪ್ಸಂ ಮುಖ್ಯವಾಗಿ ಮಾಡುವುದು ಬೇರೆ ಕೆಲಸ: ಅದರ ಕ್ಯಾಲ್ಸಿಯಂ ಜೇಡಿಕಣಕ್ಕೆ ಅಂಟಿದ ಸೋಡಿಯಂ ಅನ್ನು ಎಬ್ಬಿಸಿ ಆ ಜಾಗ ಹಿಡಿಯುತ್ತದೆ, ಎದ್ದ ಸೋಡಿಯಂ ನೀರಿನೊಡನೆ ಬಸಿದು ಹೋಗಬೇಕು. ಅಲ್ಲಿ ‘ಡಿಸ್‌ಪ್ಲೇಸ್’, ಆಮೇಲೆ ‘ಲೀಚ್’. ನ್ಯೂಟ್ರಲೈಸ್ ಎಂದು ಬರೆದರೆ ಬಸಿಗಾಲುವೆಯ ಮಾತೇ ಬಿದ್ದುಹೋಗುತ್ತದೆ. ಬಸಿಯದ ಗದ್ದೆಯಲ್ಲಿ ಜಿಪ್ಸಂ ಸುರಿದು ಫಲವಿಲ್ಲ.

ಕಾಂಪೆನ್ಸೇಟ್ ಸುಲಭ. ಹೋದದ್ದು ಹೋಯಿತು, ಅದಕ್ಕೆ ಬದಲು ಇನ್ನೇನೋ ಬಂತು.

ವ್ಯಾಕರಣದ ತಪ್ಪುಗಳು ಬಹಳವಾಗಿ ನಮ್ಮ ವಿಭಕ್ತಿಯಿಂದಲೇ ನುಸುಳುತ್ತವೆ. ‘ನಷ್ಟವನ್ನು ಭರ್ತಿ ಮಾಡು’ ಎಂಬ ‘ಅನ್ನು’ ಕಿವಿಯಲ್ಲಿರುವುದರಿಂದ ‘ಕಾಂಪೆನ್ಸೇಟ್ ದಿ ಲಾಸ್’ ಎಂದು ಬರೆದುಬಿಡುತ್ತೇವೆ. ‘ದಿ ಲಾಸ್’ಗೆ ಮೊದಲು ‘ಫಾರ್’ ಇರಲಿ. ವ್ಯಕ್ತಿಗೆ ಮಾತ್ರ ನೇರವಾಗಿ: ‘ಕಾಂಪೆನ್ಸೇಟ್ ದಿ ಫಾರ್ಮರ್ ಫಾರ್ ದಿ ಲಾಸ್’. ‘ಅದಕ್ಕೆ ವಿರುದ್ಧವಾಗಿ’ ಎಂಬ ಗುಂಗಿನಲ್ಲಿ ‘ಕೌಂಟರ್‌ಆಕ್ಟ್ ಅಗೇನ್ಸ್ಟ್’ ಎಂದೂ ಬರುತ್ತದೆ. ಆ ‘ಅಗೇನ್ಸ್ಟ್’ ಹೊಡೆದು ಹಾಕಿ. ಆಫ್‌ಸೆಟ್‌ಗೆ ಭೂತಕಾಲದಲ್ಲೂ ರೂಪ ಅದೇ, ‘ಆಫ್‌ಸೆಟೆಡ್’ ಇಲ್ಲ. ‘ಇಂಗ್’ ಸೇರಿದಾಗ ಮಾತ್ರ ಕೊನೆಯ ‘ಟಿ’ ಎರಡಾಗುತ್ತದೆ.