ಬಿಳಿ ಚುಕ್ಕೆ ಮಾಯವಾದರೂ ರೋಗ ಹೋಗಿರಲಿಲ್ಲ

ನನ್ನ ಉಪ್ಪುನೀರಿನ ಅಕ್ವೇರಿಯಂನ ಎರಡು ಕ್ಲೌನ್ ಮೀನುಗಳ ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ ಬಂದಿತ್ತು. ನಾಲ್ಕೇ ದಿನಕ್ಕೆ ತಾನಾಗಿ ಹೋಯಿತು. ವಾಸಿಯಾಯ್ತು ಅಂದುಕೊಂಡೆ. ಮುಂದಿನ ವಾರ ಇನ್ನೂ ಜಾಸ್ತಿ ಬಂತು. ಇದಕ್ಕೆ ಕಾರಣ ಕ್ರಿಪ್ಟೋಕ್ಯಾರಿಯಾನ್ ಎಂಬ ಪರಾವಲಂಬಿ ಸೂಕ್ಷ್ಮಜೀವಿ. ಅದು ಮೀನನ್ನು ಬಿಟ್ಟು ತಳಕ್ಕಿಳಿದು ಗೂಡು ಕಟ್ಟುತ್ತದೆ. ಆಮೇಲೆ ನೂರಾರು ಮರಿಗಳು ಹೊರಬಂದು ಮತ್ತೆ ಮೀನನ್ನೇ ಹುಡುಕುತ್ತವೆ.

ಇದನ್ನು ಕೊಲ್ಲುವ ತಾಮ್ರದ ಔಷಧಿಯನ್ನು ದೊಡ್ಡ ತೊಟ್ಟಿಗೆ ಹಾಕುವಂತಿಲ್ಲ, ಹವಳ, ಸೀಗಡಿ ಸಾಯುತ್ತವೆ ಅಲ್ವಾ? ಮೀನುಗಳನ್ನು 40 ಲೀಟರಿನ ಬೇರೆ ತೊಟ್ಟಿಗೆ ಬಿಟ್ಟು ಅಲ್ಲಿ ಔಷಧಿ ಹಾಕಿದೆ. ಮರಳು, ಕಲ್ಲು ತಾಮ್ರವನ್ನು ಹೀರುವುದರಿಂದ ಅವನ್ನು ಹಾಕಲಿಲ್ಲ. ಅಡಗಲು ಪಿವಿಸಿ ಪೈಪಿನ ತುಂಡು ಸಾಕಾಯಿತು. ದಿನಾ ನೀರಿನ ತಾಮ್ರವನ್ನು ಪರೀಕ್ಷಾ ಕಿಟ್‌ನಲ್ಲಿ ಅಳೆದು, 30 ದಿನ ತಾಮ್ರದ ಮಟ್ಟ ಇಳಿಯದಂತೆ ಕಾದೆ. ಉಳಿದ ಪರಾವಲಂಬಿಗಳು ಮೀನು ಸಿಗದೆ ಸಾಯಲಿ ಎಂದು ದೊಡ್ಡ ತೊಟ್ಟಿಯಲ್ಲಿ 76 ದಿನ ಒಂದೂ ಮೀನು ಬಿಡಲಿಲ್ಲ. ಈಗ ಎರಡೂ ವಾಪಸ್ ಬಂದಿವೆ, ಮೈ ಸ್ವಚ್ಛವಾಗಿದೆ.