ವರ್ಲ್ಡ್‌ಕಾನ್‌ಗೆ ಮೊದಲ ಸಲ ಹೊರಟಿದ್ದೀರಾ?

ಸೈನ್ಸ್ ಫಿಕ್ಷನ್ ಹುಚ್ಚಿರುವ ಗೆಳೆಯರೇ, ವರ್ಲ್ಡ್‌ಕಾನ್ ಅಂದರೆ ಸೈನ್ಸ್ ಫಿಕ್ಷನ್ ಅಭಿಮಾನಿಗಳು ವರ್ಷಕ್ಕೊಮ್ಮೆ ಸೇರುವ ವಿಶ್ವ ಸಮ್ಮೇಳನ. ಮೊದಲು ಒಂದು ವಿಷಯ ಗೊತ್ತಿರಲಿ. ವರ್ಲ್ಡ್‌ಕಾನ್‌ನಲ್ಲಿ ನೀವು ಬರೀ ಟಿಕೆಟ್ ಕೊಂಡ ಪ್ರೇಕ್ಷಕರಲ್ಲ, ಸದಸ್ಯರು. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದಾಗಿನಿಂದ ಇದನ್ನು ನಡೆಸುತ್ತಿರುವವರು ಅಭಿಮಾನಿಗಳೇ. ಸೈನ್ಸ್ ಫಿಕ್ಷನ್, ಫ್ಯಾಂಟಸಿ ಕೃತಿಗಳಿಗೆ ಇಲ್ಲಿ ಕೊಡುವ ಹ್ಯೂಗೋ ಪ್ರಶಸ್ತಿಗೆ ಓಟು ಹಾಕುವವರೂ ಸದಸ್ಯರೇ. ಅದಕ್ಕೆ ಅಲ್ಲಿಗೆ ಹೋಗಲೇಬೇಕು ಅಂತಿಲ್ಲ. ಬರೀ ಓಟಿನ ಸದಸ್ಯತ್ವ ತೆಗೆದುಕೊಂಡು ಬೆಂಗಳೂರಿನ ಮನೆಯಲ್ಲೇ ಕೂತು ಓಟು ಹಾಕಬಹುದು. ಪ್ರಶಸ್ತಿಯ ಕೊನೆಯ ಸುತ್ತಿಗೆ ಬಂದ ಕೃತಿಗಳಲ್ಲಿ ಹಲವು ನಿಮಗೆ ಓದೋಕೂ ಸಿಗುತ್ತವೆ. ನನ್ನ ಲೆಕ್ಕದಲ್ಲಿ ಕೊಟ್ಟ ದುಡ್ಡು ಅಲ್ಲೇ ವಸೂಲು.

ಹೋಗುವುದೇ ಆದರೆ, ಒಂದೆರಡು ಗಂಟೆ ಸ್ವಯಂಸೇವಕರಾಗಿ ಕೆಲಸ ಮಾಡಿ. ಅನುಭವ ಬೇಕಿಲ್ಲ. ಬ್ಯಾಡ್ಜ್ ಹಂಚುವುದು, ಸಾಲು ನೋಡಿಕೊಳ್ಳುವುದು, ಕುರ್ಚಿ ಸಾಗಿಸುವುದು, ಇಂಥವೇ. ಮದುವೆ ಮನೆಯಲ್ಲಿ ಬಡಿಸೋಕೆ ನಿಂತವರಿಗೇ ಜಾಸ್ತಿ ಜನ ಪರಿಚಯ ಆಗೋದು, ಅಲ್ವಾ? ಇಲ್ಲೂ ಹಾಗೇ. ಒಬ್ಬರೇ ಹೋದವರಿಗಂತೂ ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಹಳೇ ಅಭಿಮಾನಿಗಳದ್ದು 5-2-1 ಅಂತ ಒಂದು ಲೆಕ್ಕ ಇದೆ. ದಿನಕ್ಕೆ ಕನಿಷ್ಠ 5 ಗಂಟೆ ನಿದ್ದೆ, 2 ಹೊತ್ತು ಊಟ, 1 ಸ್ನಾನ. ನಗಬೇಡಿ, ಮೂರನೇ ದಿನ ತುಂಬಿದ ಹಾಲ್‌ನಲ್ಲಿ ಕೂತಾಗ ಆ ಕೊನೆಯ ಒಂದರ ಬೆಲೆ ಗೊತ್ತಾಗುತ್ತದೆ. ಒಂದೇ ಹೊತ್ತಿಗೆ ಹತ್ತಾರು ಕಡೆ ಚರ್ಚೆಗಳು ನಡೆಯುತ್ತಿರುತ್ತವೆ. ದಿನಕ್ಕೆ ಮೂರು ಆರಿಸಿಕೊಳ್ಳಿ, ಸಾಕು. ಉಳಿದ ಹೊತ್ತು ಕಾರಿಡಾರ್‌ನಲ್ಲಿ ಹರಟೆ ಹೊಡೆಯಿರಿ. ಬ್ಯಾಗಿನಲ್ಲಿ ಚಕ್ಕುಲಿ ಪೊಟ್ಟಣ ಇದ್ದರೆ ಮಾತು ಶುರು ಮಾಡೋದು ಇನ್ನೂ ಸುಲಭ.